ರಾತ್ರಿ ಒಂಬತ್ತೂವರಿಗೆ ಅಕ್ಕೋರಿಗೆ ಫೋನು

ಹೋದ ತಿಂಗಳ ಎರಡನೇ ಶನಿವಾರ ಹುಬ್ಬಳ್ಳಿಗೆ ತಂಗಿ ಮನಿಗೆ ಹೋಗಿದ್ದೆ. ಸಂಜೀಮುಂದ ಚಿಗರಿ ಬಸ್ ಹತ್ತಿ ಹೋಗಿ ಮುಟ್ಟೋದ್ರಾಗ ಏಳು ಹೊಡದಿತ್ತು. ಅಕಿ ಚಪಾತಿ ಹಿಟ್ಟು ನಾದ್ಲಿಕ್ಕೆ ಹತ್ತಿದ್ಲು. ನಾ ಸುಮ್ನ ಯಾಕ ಕೂಡ್ಲಿ, ಅನ್ನಕ್ಕಿಡೋಣ ಅಂತ ಅಕ್ಕಿ ಡಬ್ಬಿ ಮುಚ್ಚಳ ತಗದೆ. ಒಳಗಿಂದ ಗುರ್ರ್ ಅಂತ ಸಪ್ಪಳ! ಇಲಿ ಹೊಕ್ಕದ ಅಂತ ಮಾಡಿ ಎರಡು ಹೆಜ್ಜಿ ಹಿಂದ ಸರದೆ. ಇಲಿ ಅಲ್ರೀ, ಅಕೀ ಫೋನು. ಅಕ್ಕಿಯೊಳಗ ಹುಗದು ಇಟ್ಟಿದ್ಲು.

"ನೀರಾಗ ಬಿದ್ದಿತ್ತೇನ?" ಅಂತ ಕೇಳಿದೆ. ಫೋನು ತೊಯ್ದ್ರ ಅಕ್ಕಿಯೊಳಗ ಇಡ್ತಾರಲ್ಲ, ಹಂಗ ಅನ್ಕೊಂಡೆ.

"ಇಲ್ಲಕ್ಕಾ. ಅಲ್ಲಿಟ್ರ ಸಪ್ಪಳ ಕೇಳಸೂದಿಲ್ಲ" ಅಂದ್ಲು. ಬಂದ್ ಮಾಡಿ ಇಡಬಾರದೇನ ಅಂದ್ರ, ಹಂಗ ಮಾಡೋ ಹಂಗಿಲ್ಲಂತ. ಸಾಲಿಯವರು ಏನರ ಕಳಿಸಿದಾಗ ನೋಡ್ಲಿಲ್ಲ ಅಂದ್ರ ಮರುದಿನ ಮುಂಜಾನೆ ಕರದು ಕೇಳತಾರಂತ.

ನಮ್ಮ ತಂಗಿ ನಿಮ್ಮೊಳಗ ಭಾಳ ಮಂದಿಗೆ ಗೊತ್ತಿದ್ದಾಕಿನ. ಮದುವಿ ಮನ್ಯಾಗ ಎಲ್ಲಾರಕಿಂತ ಜೋರ್ ನಗೋ ದನಿ ಯಾವುದರ ಇದ್ರ ಅದು ಅಕೀದು. ಇಂಗ್ಲಿಷ್ ಮೀಡಿಯಂ ಪ್ರಾಥಮಿಕ ಸಾಲ್ಯಾಗ ಮೂರನೇತ್ತಾಕ್ಕ ಕಲಸ್ತಾಳ, 22 ವರ್ಷ ಆತು. ಅಕೀನ್ನ ಕೇಳೇ ಇದನ್ನ ಬರೀಲಿಕ್ಕೆ ಹತ್ತೀನಿ. "ಸಾಲಿ ಹೆಸರೊಂದು ಹಾಕಬ್ಯಾಡ, ಉಳದದ್ದು ಬರಿ" ಅಂದಾಳ.

ಆ ರಾತ್ರಿ ನಾ ಚಾಷ್ಟಿಗೆ ಅಂತ ಎಣಸ್ಲಿಕ್ಕೆ ಕೂತೆ. ಏಳರಿಂದ ಹತ್ತರ ತನಕ ನಾಕು ಫೋನು, 19 ಮೆಸೇಜು. ಟಿಫಿನ್ ಯಾಕ ಪೂರ್ತಿ ತಿಂದಿಲ್ಲ, ನೀವು ನೋಡೂದಿಲ್ಲೇನು ಅಂತ ಒಬ್ಬಾಕಿ. ಪೆನ್ಸಿಲ್ ಬಾಕ್ಸ್ ಕಳದದ, ಬಾಜೂಕಿನ ಹುಡುಗನ ಚೀಲಾ ತಪಾಸ ಮಾಡ್ರಿ ಅಂತ ಇನ್ನೊಬ್ಬಾಕಿ. 20ಕ್ಕ 17 ಯಾಕ ಅಂತ ಒಬ್ಬ ಅಪ್ಪ. ಸೋಮವಾರ ಯುನಿಫಾರ್ಮೋ ಕಲರ್ ಡ್ರೆಸ್ಸೋ ಅಂತ ಐದು ಮಂದಿ, ಅದಕ್ಕ ಉತ್ತರ ಅಲ್ಲೇ ಮ್ಯಾಲೆ ಹಾಕಿದ್ದದ, ಯಾರೂ ಓದೂದಿಲ್ಲ. ನಡಬರ್ಕ ಒಬ್ಬ ಅಜ್ಜಿ ಗುಲಾಬಿ ಹೂವಿನ ಶುಭರಾತ್ರಿ ಕಳಿಸಿದ್ಲು. ಅದೊಂದು ನೋಡಿ ತಂಗಿ ನಕ್ಕಳು.

ನಂಗ ಕೆಟ್ಟನಿಸಿದ್ದು ಫೋನು ಬಂದದ್ದಕ್ಕಲ್ಲ. ಅಕೀ ದನಿಗೆ. "ಹೌದ್ರೀ ಮೇಡಂ... ನೋಡ್ತೀನ್ರೀ ಮೇಡಂ... ನಂದ ತಪ್ಪಾತ್ರೀ" ಅಂತ, ತನ್ನ ಮಗಳ ವಾರಿಗಿ ಹುಡುಗಿಗೆ. ನಮ್ಮ ಮನ್ಯಾಗ ನಮ್ಮಪ್ಪಗೂ ಹೆದರದ ಹುಡುಗಿ ಇಕಿ. ಆ ದನಿ ಅಕೀದಲ್ಲ.

ಊಟ ಆದ ಮ್ಯಾಲೆ ಕಪಾಟಿನ್ಯಾಗಿಂದ ಒಂದು ಹಾಳಿ ತಂದು ತೋರಿಸಿದ್ಲು. ರಾಜೀನಾಮೆ. ಎರಡೇ ಸಾಲು, ಛಂದ ಅಕ್ಷರ. "ತಾರೀಖೊಂದು ಹಾಕೋದು ಉಳದದಕ್ಕಾ" ಅಂದ್ಲು.

"ಹುಡುಗರು ಭಾಳ ಕಾಡತಾವೇನು?" ಅಂದೆ.

"ಹುಡುಗರು ಇರೋದಕ್ಕನ ಇಷ್ಟು ವರ್ಷ ನಿಂತೀನಿ" ಅಂದ್ಲು.

ಆಮ್ಯಾಲೆ ಹೇಳಿದ್ದು ಕೇಳ್ರಿ. ಸಾಲಿ ಗ್ಯಾದರಿಂಗ್‌ನ್ಯಾಗ ಇಕೀ ವರ್ಗದ ಹುಡುಗಿಯರದು ಡಾನ್ಸ್ ಇತ್ತು. ಎತ್ತರದ ಹುಡುಗಿಯರನ್ನ ಹಿಂದ ನಿಲ್ಲಿಸಿದ್ಲು. ಎಲ್ಲಾರೂ ಹಂಗೇ ಮಾಡೋದು. ಒಬ್ಬ ಹುಡುಗಿ ಅವ್ವ ಆ ರಾತ್ರಿ ವರ್ಗದ ವಾಟ್ಸಾಪಿನ್ಯಾಗ ಬರದ್ಲಂತ, 'ನಮ್ಮ ಮಗಳು ಮೂರನೇ ಸಾಲಿನ್ಯಾಗ ಯಾಕ? ನಾವೂ ಎಲ್ಲಾರಷ್ಟ ಫೀ ಕಟ್ಟೇವಿ, ನಮ್ಮ ಫೀದಾಗ ನಿಮ್ಮ ಪಗಾರ ಆಗ್ತದ.' 90 ಮಂದಿ ನೋಡೋ ಜಾಗ ಅದು. ಕೆಲವರು ಅದಕ್ಕ ಹೆಬ್ಬೆಟ್ಟು ಒತ್ತಿದ್ರಂತ. ಮರುದಿನ ಮುಖ್ಯಸ್ಥರು ಕರದು, ಅದೇ ವಾಟ್ಸಾಪಿನ್ಯಾಗ ಸಾರಿ ಅಂತ ಹಾಕ್ರಿ, ಪಾಲಕರನ್ನ ಎದುರು ಹಾಕ್ಕೊಳ್ಳೋದು ಬ್ಯಾಡ ಅಂದ್ರಂತ. ಇಕಿ ಹಾಕಿದ್ಲು.

"ಸಿಟ್ಟು ಬಂದಿದ್ರ ಛಲೋ ಇತ್ತಕ್ಕಾ. ಏನೂ ಅನಿಸಲೇ ಇಲ್ಲ. ಎರಡು ದಿನ ಬಿಟ್ಟು ಆ ಹುಡುಗಿ ವಹಿ ತೋರಿಸ್ಲಿಕ್ಕೆ ಬಂತು. ಅದರ ಮಾರಿ ನೋಡದನ ಸಹಿ ಮಾಡಿ ಕೊಟ್ಟೆ. ಆಮ್ಯಾಲೆ ಗೊತ್ತಾತು, ನಾ ನೋಡ್ಲಿಲ್ಲಂತ. ಆ ಕೂಸಿಂದೇನು ತಪ್ಪು?"

ರಾತ್ರಿ ಮಲಗಿದಾಗ ಇನ್ನೊಂದು ಹೇಳಿದ್ಲು. ಮೂರು ವರ್ಷದ ಹಿಂದ ಒಬ್ಬ ಹುಡುಗ ಬೋರ್ಡ್ ನೋಡಿ ಬರಿಯೋ ಬದಲಿ ಬಾಜೂಕಿನವನ ವಹಿ ನೋಡಿ ಬರೀತಿದ್ನಂತ. ಕಣ್ಣು ತೋರಸ್ರಿ ಅಂತ ಇಕಿ ಅವರವ್ವಗ ಹೇಳಿದ್ರ, "ನಮ್ಮ ಮನ್ಯಾಗ ಯಾರಿಗೂ ಚಷ್ಮಾ ಇಲ್ಲ, ನೀವೇನು ಡಾಕ್ಟರೇನು?" ಅಂತ ಜಗಳ. ಕಡೀಕೆ ತೋರಿಸಿದಾಗ ಎರಡೂವರಿ ನಂಬರ್ ಬಂತು. ಬಂದು ಒಂದು ಮಾತು ಹೇಳ್ಲಿಲ್ಲ, ಅದು ಹೋಗ್ಲಿ. "ಈ ವರ್ಷನೂ ಒಂದು ಹುಡುಗಿ ಹಂಗೇ ಕಣ್ಣು ಕಿವುಚಿ ನೋಡತದ. ಎರಡು ತಿಂಗಳಾತು, ನಾ ಅವರ ಮನಿಯವರಿಗೆ ಹೇಳಿಲ್ಲ. ಹೇಳಿದ್ರ ಮತ್ತ ಏನಂತಾರೋ ಅಂತ. ಇಂಥಾಕಿ ಸಾಲ್ಯಾಗ ಇರಬೇಕೇನಕ್ಕಾ?" ಅಂತ ಕೇಳಿದ್ಲು. ನನ್ನ ಹತ್ರ ಉತ್ತರ ಇರ್ಲಿಲ್ಲ.

ಮರುದಿನ ರವಿವಾರ ಮುಂಜಾನೆ ನಾ ಥಾಲಿಪೆಟ್ಟು ತಟ್ಟಲಿಕ್ಕೆ ಹತ್ತಿದ್ದೆ, ಬೆಂಗಳೂರಿಂದ ಸೊಸೀದು ವಿಡಿಯೋ ಕಾಲ್ ಬಂತು. ಮೊಮ್ಮಗ ಒಂದನೇತ್ತಾ. "ಅಮ್ಮಾ, ನಿನ್ನೆ ರಾತ್ರಿ ಒಂಬತ್ತೂವರಿಗೆ ಇವನ ಮಿಸ್‌ಗೆ ಎರಡು ಸಲ ಫೋನ್ ಮಾಡಿದೆ, ಎತ್ತಲೇ ಇಲ್ಲ ನೋಡ್ರಿ. ಎಷ್ಟು ಸೊಕ್ಕು!" ಅಂದ್ಲು. ಅಂವ ಕೈ ಎತ್ತಿದ್ನಂತ, ಮಿಸ್ ಅವನ್ನ ಕೇಳದ ಬ್ಯಾರೆಯವರನ್ನ ಕೇಳಿದ್ರಂತ. ಅದಕ್ಕ ಫೋನು.

"ಯಾವ ಡಬ್ಬ್ಯಾಗ ಇಟ್ಟಿದ್ಲೋ ಪಾಪ" ಅಂತ ನನ್ನ ಬಾಯಿಂದ ಬಂದುಬಿಡ್ತು. ಅಕೀಗೇನೂ ತಿಳೀಲಿಲ್ಲ. ತಂಗಿ ಹಿಂದ ನಿಂತು ಸೆರಗು ಬಾಯಿಗೆ ಹಿಡದು ನಕ್ಕಳು. ಹಿಂದಿನ ರಾತ್ರಿ ಅತ್ತಾಕಿನ ಇಕಿ.

ಈ ಬರ್ನ್‌ಔಟ್ ಅನ್ನೋ ಶಬ್ದ ನಂಗ ಮೊದಲು ಹೇಳಿಕೊಟ್ಟಾಕಿನೇ ಸೊಸಿ. ಅವರ ಕಂಪನ್ಯಾಗ ಇದರ ಮ್ಯಾಲೆ ಯಾರೋ ಬಂದು ಭಾಷಣ ಮಾಡಿದ್ರಂತ. ವಿಶ್ವ ಆರೋಗ್ಯ ಸಂಸ್ಥೆಯವರು 2019ರಾಗ ಇದು ರೋಗ ಅಲ್ಲ, ಕೆಲಸದ ಒತ್ತಡ ವರ್ಷಾನುಗಟ್ಲೆ ಸಂಭಾಳಿಸ್ಲಿಕ್ಕೆ ಆಗದ ಬರೋ ಸ್ಥಿತಿ ಅಂತ ಹೇಳ್ಯಾರ. ಅದರ ಗುರ್ತು ಮೂರು: ಮೈ ಮನಸ್ಸು ಎರಡೂ ಬರದಾಗೋದು, ಮಾಡೋ ಕೆಲಸದಿಂದ ಮನಸ್ಸು ದೂರ ಸರಿಯೋದು, ನನ್ನ ಕೈಲೆ ಏನೂ ಆಗೂದಿಲ್ಲ ಅನಿಸೋದು. ಕ್ರಿಸ್ಟಿನಾ ಮ್ಯಾಸ್ಲಾಕ್ ಅಂತ ಅಮೆರಿಕಾದ ಮನಃಶಾಸ್ತ್ರಜ್ಞೆ ಇದನ್ನ ಅಳಿಯೋ ಪ್ರಶ್ನಾವಳಿ ಮಾಡಿ 40 ವರ್ಷದ ಮ್ಯಾಲಾತು. ನರ್ಸ್, ಶಿಕ್ಷಕರು, ಹಿಂಗ ದಿನಾ ಮಂದಿ ಜೋಡಿ ಏಗೋರನ್ನ ನೋಡೇ ಮಾಡಿದ್ದಂತ ಅದು.

ನಂಗ ಇದು ಹಾಲಿನ ತಳಾ ಹಿಡದಂಗ ಕಾಣಸ್ತದ. ಹಾಲು ಉಕ್ಕಿದ್ರ ಎಲ್ಲಾರೂ ಓಡಿ ಬರತಾರ. ತಳಾ ಹಿಡಿಯೋದು ಯಾರಿಗೂ ಗೊತ್ತಾಗೂದಿಲ್ಲ, ಮ್ಯಾಲೆ ಬೆಳ್ಳಗ ಕೆನಿ ಕಟ್ಟಿರತದ. ನಮ್ಮ ತಂಗೀಗೆ ಮೂರೂ ಗುರ್ತು ಬಂದಾವ. ಆ ಹುಡುಗಿ ಮಾರಿ ನೋಡ್ಲಿಲ್ಲ ಅಂದ್ಲಲ್ಲ, ಅದು ಎರಡನೇದು. ನಾವೆಲ್ಲಾ ಅಂಜೋದೇನು? ಟೀಚರ್ ಜೋಡಿ ಜಗಳಾಡಿದ್ರ ನಮ್ಮ ಹುಡುಗರ ಮ್ಯಾಲೆ ಸೇಡು ತೀರಿಸಿಕೋತಾರ ಅಂತ. ಹಂಗ ಮಾಡೋರು ಇರಬಹುದು, ನಾ ಕಂಡದ್ದು ಕಡಿಮಿ. ಹೆಚ್ಚಿಗೆ ಆಗೋದು ಇದು: ಟೀಚರ್ ದಣಿದು ಹೋಗಿ ಆ ಕೂಸನ್ನ ನೋಡೋದು ಬಿಡ್ತಾಳ. ಕಣ್ಣಿಗೆ ಬಿದ್ದದ್ದನ್ನ ಹೇಳೋದು ಬಿಡ್ತಾಳ. ನಮ್ಮ ಮಾತು ಟೀಚರ್‌ಗೆ ಅಂತ ಹೊಡದದ್ದು, ಹೋಗಿ ನಟ್ಟೋದು ನಮ್ಮ ಕೂಸಿಗೆ.

ಸೊಸೀನ್ನ ಬಯ್ದುಬಿಡೋದು ಭಾಳ ಹಗರ. ಆದ್ರ ಅಕಿ ಕಡೆಯಿಂದನೂ ನೋಡ್ರಿ. ಆಫೀಸಿಂದ ಮನಿಗೆ ಬರೋದ ಏಳೂವರಿಗೆ. ಕೂಸು ಎಚ್ಚರ ಇರೋದು ಎರಡು ತಾಸು. ಆ ಎರಡು ತಾಸಿನ್ಯಾಗ "ಇವತ್ತೇನಾತೋ ರಾಜಾ" ಅಂದ್ರ ಅಂವ "ಏನಿಲ್ಲ" ಅಂತಾನ. ಫೀ ಅಂತೂ ಕಂತಿನ ಮ್ಯಾಲೆ ಕಟ್ಟತಾರ. ದಿನದ ಎಂಟು ತಾಸು ಕೂಸು ಎಲ್ಲಿರತದ, ಏನು ತಿಂತದ, ಅತ್ತದೋ ನಕ್ಕದೋ ಏನೂ ಕಾಣಸೂದಿಲ್ಲ. ನಮ್ಮ ಕಾಲಕ್ಕ ಹಂಗಿರಲಿಲ್ಲ. ನನ್ನ ಮಗ ಸಾಲಿಯಿಂದ ಮನಿ ಮುಟ್ಟೋಕಿಂತ ಮೊದಲ ಓಣಿ ಹುಡುಗರು ಓಡಿ ಬಂದು "ಕಾಕು, ಇವತ್ತ ಇವಂಗ ಸರ್ ನಿಲ್ಲಿಸಿದ್ರು" ಅಂತ ವರದಿ ಒಪ್ಪಿಸ್ತಿದ್ವು. ಸೊಸೀಗೆ ಅಪಾರ್ಟ್‌ಮೆಂಟಿನ್ಯಾಗ ಎದುರಮನಿಯವರ ಹೆಸರೂ ಗೊತ್ತಿಲ್ಲ. ಇರೋದೊಂದೇ ಕಿಂಡಿ, ಟೀಚರ್ ಫೋನ್ ನಂಬರು. ಅದರಾಗ ಇಣುಕತಾಳ. 46 ಅವ್ವಂದಿರು ಅದೇ ಕಿಂಡ್ಯಾಗ ಒಮ್ಮೆಲೇ ಇಣುಕಿದ್ರ ಒಳಗಿದ್ದಾಕಿಗೆ ಗಾಳಿ ಎಲ್ಲಿಂದ ಬರಬೇಕು ಅನ್ನೋದು ಹೊರಗ ನಿಂತಾಕಿಗೆ ಹೊಳಿಯೂದಿಲ್ಲ.

ಈ ಕಿಂಡಿ ಮೊದಲಿರಲಿಲ್ಲ. ತಂಗಿ ಸಾಲ್ಯಾಗ 2020ರ ತನಕ ಟೀಚರ್ ನಂಬರ್ ಪಾಲಕರಿಗೆ ಕೊಡ್ತಿರ್ಲಿಲ್ಲ, ಡೈರಿ ಇತ್ತು. ಕೊರೋನಾ ಬಂದು ಆ ಮಾರ್ಚ್‌ನ್ಯಾಗ ಸಾಲಿ ಬಂದಾದ್ವಲ್ಲ, ಆವಾಗ ಪಾಠ, ಹೋಮ್‌ವರ್ಕ್, ಪರೀಕ್ಷಾ ಎಲ್ಲಾ ಫೋನಿನೊಳಗ ಹೊಕ್ಕವು. ಅಕೀ ಅಡಗಿ ಮನ್ಯಾಗ ಫ್ರಿಜ್ಜಿಗೆ ಹಾಳಿ ಹಚ್ಚಿ ಭಾಗಾಕಾರ ಕಲಿಸಿದ್ದು ನಾ ಕಣ್ಣಾರೆ ನೋಡೀನಿ. ಸಾಲಿ ತಗದ ಮ್ಯಾಲೆ ಹುಡುಗರು ವಾಪಸ್ ವರ್ಗಕ್ಕ ಹೋದ್ವು, ವಾಟ್ಸಾಪ್ ಮಾತ್ರ ಅಡಗಿ ಮನ್ಯಾಗೇ ಉಳೀತು.

ಹಂಗಂತ ನಮ್ಮ ಕಾಲ ಭಾಳ ಛಂದಿತ್ತು ಅಂತ ಹೇಳಲಿಕ್ಕೆ ಹೊಂಟಿಲ್ಲ ನಾನು. ನಾ ಕಲಿತದ್ದು ಧಾರವಾಡದ ಕನ್ನಡ ಸಾಲ್ಯಾಗ. ಆವಾಗ ಮಿಸ್, ಮ್ಯಾಮ್ ಎಲ್ಲಿದ್ದು? ಅಕ್ಕೋರು. ಗಂಡಸ್ರಾದ್ರ ಮಾಸ್ತರು. ನಮ್ಮವ್ವ ಚೈತ್ರಗೌರಿ ಅರಿಷಿಣ-ಕುಂಕುಮಕ್ಕ ಅಕ್ಕೋರನ್ನ ಕರೀತಿದ್ಲು. ಅವರು ಬಂದು ಕೋಸಂಬರಿ ತಿಂದು, ಪಾನಕ ಕುಡದು, ಹೊಸ್ತಿಲದಾಗ ನಿಂತು "ನಿಮ್ಮ ದೊಡ್ಡಾಕಿ ಲೆಕ್ಕದಾಗ ಕಚ್ಚಾ ಇದ್ದಾಳ್ರೀ" ಅಂತ ಹೇಳಿ ಹೋಗ್ತಿದ್ರು. ದೊಡ್ಡಾಕಿ ಅಂದ್ರ ನಾನ. ಅವ್ವಗ ಅವಮಾನ ಅನಸ್ತಿರ್ಲಿಲ್ಲ, ಅಕ್ಕೋರಿಗೆ ಅಂಜಿಕಿ ಇರ್ಲಿಲ್ಲ.

ಆದ್ರ ಅದೇ ಸಾಲ್ಯಾಗ ಫೂಟ್‌ಪಟ್ಟಿ ಅಡ್ಡ ಹಿಡದು ಬೆರಳ ಗಂಟಿನ ಮ್ಯಾಲೆ ಹೊಡಿಯೋರೂ ಇದ್ರು. ಅಪ್ಪಂದಿರೇ ಬಂದು "ಕಣ್ಣೊಂದು ಬಿಟ್ಟು ಎಲ್ಲರ ಹೊಡೀರಿ" ಅಂತ ಹೇಳಿ ಹೋಗೋ ಕಾಲ. ನನ್ನ ಬಾಜೂಕ ಕೂಡ್ತಿದ್ದ ಒಬ್ಬ ಹುಡುಗಿ ಹೊಡತಕ್ಕ ಅಂಜಿ ಅಂಜಿ ನಾಕನೇತ್ತಾಕ್ಕ ಸಾಲಿ ಬಿಟ್ಲು. ಯಾರೂ ಹೋಗಿ ಕೇಳ್ಲಿಲ್ಲ, ಅವರವ್ವನೂ ಕೇಳ್ಲಿಲ್ಲ. ಅದನ್ನ ಗೌರವ ಅಂತ ನಾ ಕರಿಯೂದಿಲ್ಲ. ಈಗ ಕಾಯ್ದಾ ಅದ. 2009ರ ಶಿಕ್ಷಣ ಹಕ್ಕು ಕಾಯ್ದೆ, 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು, ಅದರ 17ನೇ ಕಲಮಿನ್ಯಾಗ ಮಕ್ಕಳನ್ನ ಹೊಡಿಯೋದು, ಮನಸ್ಸಿಗೆ ಹಿಂಸಾ ಮಾಡೋದು ಎರಡೂ ನಿಷೇಧ. ಕೂಸಿನ ಮೈಮ್ಯಾಲೆ ಬರಿ ಕಂಡ್ರ, ಜಾತಿ ಮಾತು, ಬಣ್ಣದ ಮಾತು ಆಡಿದ್ರ, ರಾತ್ರಿ ಒಂಬತ್ತೂವರಿ ಏನು, ಹನ್ನೊಂದಕ್ಕೂ ಎಬ್ಬಿಸಿ ಕೇಳ್ರಿ. ಅದರಾಗ ನಾ ಟೀಚರ್ ಪರ ಮಾತಾಡೂದಿಲ್ಲ, ನಮ್ಮ ತಂಗಿ ಆದ್ರೂ ಅಷ್ಟ. ನಾ ಹೇಳ್ಲಿಕ್ಕೆ ಹತ್ತಿದ್ದು ಟಿಫಿನ್ನು, ಮೂರನೇ ಸಾಲು, 20ಕ್ಕ 17, ಇವುಗಳ ಮಾತು.

ಇಷ್ಟೆಲ್ಲಾ ಹೇಳೋ ನಾ ಏನು ಮಾಡೀನಿ ಅನ್ನೋದನ್ನೂ ಹೇಳಬೇಕಲ್ಲ. 2000ನೇ ಇಸವಿ. ನನ್ನ ಮಗ ಎರಡನೇತ್ತಾ. ಒಂದಿನ ಚಡ್ಡಿ ತೋಯಿಸಿಕೊಂಡು ಮನಿಗೆ ಬಂದ. ಕೇಳಿದ್ರ "ಟೀಚರ್ ಒಂದಕ್ಕಿಗೆ ಬಿಡ್ಲಿಲ್ಲ" ಅಂದ. ನನ್ನ ಮೈಯೆಲ್ಲಾ ಉರದು ಹೋತು. ಮರುದಿನ ಮುಂಜಾನೆ ಸೀದಾ ವರ್ಗದೊಳಗ ಹೋಗಿ, ಎಲ್ಲಾ ಹುಡುಗರ ಮುಂದ, ಬಾಯಿಗೆ ಬಂದಂಗ ಅಂದೆ. ಕಡೀಕೆ ಒಂದು ಮಾತು ಅಂದೆ, "ನಿಮಗ ಮಕ್ಕಳಿದ್ರ ಗೊತ್ತಾಗ್ತಿತ್ತು."

ಅವರಿಗೆ ಮಕ್ಕಳಿಲ್ಲ ಅಂತ ನಂಗ ಗೊತ್ತಿತ್ತು. ಗೊತ್ತಿದ್ದೇ ಅಂದೆ. ಅವರು ಕೈಯಾಗ ಸೀಮಿಸುಣ್ಣದ ಕಡ್ಡಿ ಹಿಡಕೊಂಡು ನಿಂತಿದ್ರು. ಏನೂ ಮಾತಾಡ್ಲಿಲ್ಲ. ನಾ ಗೆದ್ದಾಕಿ ಹಂಗ ಮನಿಗೆ ಬಂದು ಅತ್ತಿಗೆ, ಬಾಜೂಕಿನ ವೈನಿಗೆ, ನೀರು ತುಂಬಲಿಕ್ಕೆ ಬಂದವರಿಗೆ ಎಲ್ಲಾರಿಗೂ ಹೇಳಿದೆ.

ನಾಕು ದಿನದ ಮ್ಯಾಲೆ ಮಗಗ ಎಣ್ಣಿ ಹಚ್ಚಿ ಎರೀಲಿಕ್ಕೆ ಕೂಡಿಸಿದಾಗ ಅಂವನೇ ಬಾಯಿಬಿಟ್ಟ. ಒಂದಕ್ಕಿಯೂ ಅಲ್ಲ ಏನೂ ಅಲ್ಲ, ನಳದ ಹತ್ರ ನೀರಾಟ ಆಡಿ ತೋಯಿಸಿಕೊಂಡದ್ದು, ಬಯ್ತೀನಂತ ಹಂಗ ಹೇಳಿದ್ದ. ಇವರು "ಹೋಗಿ ತಪ್ಪಾತು ಅಂತ ಒಂದು ಮಾತು ಹೇಳಿ ಬಾ" ಅಂದ್ರು. ನಾಳೆ, ನಾಡದ ಅಂದೆ. ದೀಪಾವಳಿ ಸೂಟಿ ಬಂತು. ಸೂಟಿ ಮುಗದು ಸಾಲಿ ತಗದಾಗ ಆ ಟೀಚರ್ ಇರ್ಲಿಲ್ಲ, ಬಿಟ್ರಂತ.

ನನ್ನ ಒಂದು ಮಾತಿಗೆ ಬಿಟ್ರು ಅಂತ ನಾ ಅನ್ನೂದಿಲ್ಲ. ನನಗಿಂತ ಮೊದಲು ಯಾರರ ಏನರ ಅಂದಿರಬೇಕು, ನನ್ನ ಹಿಂದಿಂದ ಇನ್ನೊಬ್ಬಾಕಿ ಅಂದಿರಬೇಕು. ಒಬ್ಬೊಬ್ಬರದೂ ಒಂದೊಂದೇ ಮಾತು. ಆಡಿದವರು ನೀರು ತುಂಬೋ ಹೊತ್ತಿಗೆ ಮರೀತಾರ, ಕೇಳಿದಾಕಿ ಹತ್ರ ಎಲ್ಲಾ ಕೂಡಿ ಬೀಳತಾವ. ಈಗ ತಂಗಿ ಮನ್ಯಾಗ ಅದನ್ನ ಆಚೆ ಕಡೆಯಿಂದ ನೋಡಿದೆ.

ಇನ್ನ ಇದಕ್ಕ ಪೂರ್ತಿ ತಿರುವು ಮುರುವು ಒಂದದ. ನಮ್ಮ ಬಾಜೂಕಿನ ವೈನಿ ಸೊಸಿ ಕಲಘಟಗಿ ಕಡೆ ಹಳ್ಳ್ಯಾಗ ಸರಕಾರಿ ಸಾಲ್ಯಾಗ ಟೀಚರು. ನಲಿ-ಕಲಿ, ಒಂದರಿಂದ ಮೂರು ಒಂದೇ ಖೋಲ್ಯಾಗ. ಅಕೀ ಫೋನು ರಾತ್ರಿ ಬಡ್ಕೊಳ್ಳೂದಿಲ್ಲ. ಅಕೀ ತ್ರಾಸು ಬ್ಯಾರೆ, ಅವ್ವ-ಅಪ್ಪ ಬರೋದೇ ಇಲ್ಲ. ಸರಕಾರಿ ಸಾಲಿಗೆ ಎಸ್‌ಡಿಎಮ್‌ಸಿ ಅಂತ ಸಮಿತಿ ಇರತದ, ಶಿಕ್ಷಣ ಹಕ್ಕು ಕಾಯ್ದಾದ ಪ್ರಕಾರ ಅದರಾಗ ಮುಕ್ಕಾಲು ಪಾಲು ಪಾಲಕರು, ಒಟ್ಟಿನ್ಯಾಗ ಅರ್ಧ ಹೆಣ್ಣಮಕ್ಕಳು ಇರಬೇಕು. ಕಾಗದದ ಮ್ಯಾಲೆ ಇದ್ದಾರ. ಸಭಾ ಕರದ್ರ ನಾಕು ಮಂದಿ ಬರ್ತಾರ, ಅದರಾಗ ಇಬ್ಬರು ಸಹಿ ಮಾಡಿ ಹೊಂಡತಾರ. ಹುಡುಗ ವಾರಗಟ್ಲೆ ಬರ್ಲಿಲ್ಲ ಅಂತ ಮನಿಗೆ ಹೋದ್ರ ಕೀಲಿ ಹಾಕೇದ, ಗೋವಾ ಕಡೆ ದುಡೀಲಿಕ್ಕೆ ಹೋಗ್ಯಾರಂತ ಬಾಜೂಕಿನವರು ಹೇಳತಾರ. ಹಾಲು ಕುಡಿಸೋದು, ತತ್ತಿ ಲೆಕ್ಕ ಬರಿಯೋದು, ಅದರ ಫೋಟೋ ಹಾಕೋದು ಎಲ್ಲಾ ಅದ. ಕಲಿಸಿದ್ದು ಹತ್ತೇದೋ ಇಲ್ಲೋ ಅಂತ ಮನಿ ಕಡೆಯಿಂದ ಕೇಳೋರಿಲ್ಲ. "ಕಾಕು, ಬೈಲಿಕ್ಕರೆ ಯಾರರ ಬರಬಾರದೇನ ಅನಸ್ತದ" ಅಂತಾಳ ಅಕಿ. ನಮ್ಮ ತಂಗಿ ಇದನ್ನ ಕೇಳಿ, "ಅರ್ಧಾ ಮಂದೀನ್ನ ಅಕೀಗೆ ಕಳಸ್ತೀನಿ" ಅಂದ್ಲು.

2025ರ ದಸರಾ ಸೂಟ್ಯಾಗ ಸಮೀಕ್ಷೆಕ್ಕ ಅಂತ ಟೀಚರ್‌ಗಳನ್ನ ಮನಿ ಮನಿಗೆ ಕಳಿಸಿದ್ರಲ್ಲ, ಸೂಟಿನೂ ಅಕ್ಟೋಬರ್ 18ರ ತನಕ ಬೆಳೆಸಿದ್ರು. ಇಕೀಗೆ ಸಾಲಿ ಹತ್ರದ ಓಣಿನೇ ಬಂತು. ಎರಡು ವರ್ಷದಿಂದ ತನ್ನ ಹತ್ರ ಕಲಿಯೋ ಹುಡುಗನ ಅವ್ವನ್ನ ಅವತ್ತ ಮೊದಲನೇ ಸಲ ಮಾರಿ ನೋಡಿದ್ಲಂತ. ಆಕಿ ಚಾಪಿ ಹಾಸಿ ಕೂಡಿಸಿ, "ಅಕ್ಕೋರ, ಸಾಲಿಗೆ ಬಂದ್ರ ಅವತ್ತಿನ ಕೂಲಿ ಹೋಗತೈತ್ರಿ. ಮತ್ತ ಬಂದು ಏನು ಮಾತಾಡ್ಬೇಕು ಅನ್ನೂದೂ ತಿಳಿಯೂದಿಲ್ಲ ನಮಗ" ಅಂದ್ಲಂತ. ಟೀಚರ್ ಬಂದದ್ದು ಬೈಲಿಕ್ಕೆ ಅಂತ ಮೊದಲು ಅಂಜಿದ್ಲಂತ. ಆ ಡಿಸೆಂಬರ್‌ನ್ಯಾಗ ಹುಡುಗನ ಕೈಲೆ ಒಂದು ಸಿವುಡು ಸುಲಗಾಯಿ ಕಳಿಸಿದ್ಲು. ವೈನಿ ನಮಗೂ ಅದರಾಗಿಂದ ಒಂದು ಹಿಡಿ ಕೊಟ್ರು. ಸೊಸಿ ಆ ಸುಲಗಾಯಿ ಸುದ್ದಿ ನಮ್ಮ ಕಟ್ಟಿ ಮ್ಯಾಲೆ ಕೂತು ಮೂರು ಸಲ ಹೇಳಿದ್ಲು. ಒಂದು ಸಿವುಡು ಎಷ್ಟು, ಇಪ್ಪತ್ತು ಮೂವತ್ತು ರೂಪಾಯಿ ಇದ್ದೀತು.

ಆ ಸಮಿತಿ ಕಾಯ್ದಾ ಅನುದಾನ ಇಲ್ಲದ ಖಾಸಗಿ ಸಾಲಿಗೆ ಇಲ್ಲ. ಅಲ್ಲೆ ಪಾಲಕರು ಕೂಡಿ ಕೂತು ಮಾತಾಡೋ ಜಾಗ ಸಾಲಿಯವರು ಕೊಟ್ರ ಉಂಟು, ಇಲ್ಲಾಂದ್ರ ಇಲ್ಲ. ಫೀ ಜಾಸ್ತಿ ಆತು, ಬಸ್ ತಡಾ ಆತು, ಪಾಯಿಖಾನಿ ಹೊಲಸದ, ಎಲ್ಲಾ ಸಿಟ್ಟು ಹೊತ್ತುಕೊಂಡು ಹೋದ್ರ ಸಿಗಾಕಿ ವರ್ಗದ ಟೀಚರ್ ಒಬ್ಬಾಕಿನೇ. ಮುಖ್ಯಸ್ಥರ ಖೋಲಿ ಮುಂದ ಅಪಾಯಿಂಟ್‌ಮೆಂಟ್ ಬೇಕು, ಟೀಚರ್‌ಗೆ ಬ್ಯಾಡ. ಇದರಾಗ ಅವ್ವಂದಿರದಷ್ಟೇ ತಪ್ಪಲ್ಲ. ಪಾಲಕರನ್ನ ಗಿರಾಕಿ ಅಂತ ತಿಳಿಯೋ ಸಾಲಿ, ಟೀಚರ್‌ನ್ನ ಅಂಗಡಿ ಕೌಂಟರಿನ್ಯಾಗ ನಿಲ್ಲಿಸಿ ತಾ ಹಿಂದ ಕೂಡತದ. ಮೂರನೇ ಸಾಲಿನ ಹುಡುಗಿ ಅವ್ವಗ "ಬರ್ರಿ, ಕೂಡ್ರಿ, ಮಾತಾಡೋಣ" ಅಂತ ಹೇಳಬೇಕಾದವರು ಮುಖ್ಯಸ್ಥರು. ಅವರು ಸಾರಿ ಹಾಕಿಸಿದ್ರು. ನಂಗ ಆ ಅವ್ವನಕಿಂತ ಇವರ ಮ್ಯಾಲೇ ಸಿಟ್ಟು ಹೆಚ್ಚು. ಸಂಜಿ ಆರರ ಮ್ಯಾಲೆ ಟೀಚರ್‌ಗೆ ಫೋನ್ ಇಲ್ಲ ಅಂತ ಒಂದು ಹಾಳಿ ಬರದು ಗೇಟಿಗೆ ಹಚ್ಚಲಿಕ್ಕೆ ಎಷ್ಟು ಖರ್ಚು ಬರ್ತದ?

ಆದ್ರ ಸಾಲಿಯವರು ಹಚ್ಚೋ ತನಕ ನಾವು ಕಾಯಬೇಕಂತಿಲ್ಲ. ಈ ಓದೋ ನಿಮ್ಮೊಳಗ ಅವ್ವಂದಿರಿದ್ದೀರಿ, ನನ್ನಂಥಾ ಅಜ್ಜಿಯರಿದ್ದೀರಿ, ಸೊಸಿ ಆಫೀಸಿಗೆ ಹೋದ್ರ ಆ ವಾಟ್ಸಾಪಿನ್ಯಾಗ ನೀವೇ ಇರ್ತೀರಿ ಅಂತನೂ ಗೊತ್ತು. ಕೂಸು ಬಂದು ಹಿಂಗಾತು ಅಂದ್ರ ಒಂದು ರಾತ್ರಿ ಕಳೀಲಿ ಬಿಡ್ರಿ. ಮುಂಜಾನೆ ಹಲ್ಲು ತಿಕ್ಕೋ ಹೊತ್ತಿಗ ಮತ್ತೊಮ್ಮೆ ಕೇಳ್ರಿ, ಕತಿ ಅರ್ಧಾ ಬದಲಾಗಿರತದ. ಆಮ್ಯಾಲೂ ಕೇಳಬೇಕನಿಸಿದ್ರ ಡೈರ್ಯಾಗ ಬರೀರಿ, ಇಲ್ಲಾ ಹೋಗಿ ಎದುರಿಗೆ ಕೂತು ಕೇಳ್ರಿ. 90 ಮಂದಿ ಮುಂದ ಮಾತ್ರ ಬ್ಯಾಡ. ಮತ್ತ ಛಲೋ ಆದಾಗನೂ ಒಂದು ಸಾಲು ಬರೀರೆ. ಕೂಸು ಟೀಚರ್ ಹೇಳಿದ ಕಾಗಿ ಕತಿ ಮನ್ಯಾಗ ಬಂದು ಹೇಳಿದ್ರ, 'ಇವಂಗ ನಿಮ್ಮ ಕಾಗಿ ಕತಿ ಭಾಳ ಸೇರೇದ' ಅಂತ. ಸೆಪ್ಟೆಂಬರ್ 5ಕ್ಕ ಪೆನ್ನು, ಗುಲಾಬಿ ಕೊಡೋದಕ್ಕಿಂತ ಅದು ಛಲೋ. ತಂಗಿ ಮನ್ಯಾಗ ಶೋಕೇಸ್ ತುಂಬ ಪೆನ್ನಾವ, ಒಂದರಾಗೂ ಮಸಿ ಇಲ್ಲ.

ಅವತ್ತ ಸೊಸೀಗೆ ಸಂಜೀಮುಂದ ಮತ್ತ ಫೋನ್ ಮಾಡಿ ಅಕ್ಕಿ ಡಬ್ಬಿ ಸುದ್ದಿ ಹೇಳಿದೆ. ಮೌಶಿ ಸುದ್ದಿ ಅಂದ್ರ ಅಕೀಗೂ ಕಳವಳ ಆತು, ಆದ್ರ "ಅಮ್ಮಾ, ಅದು ಬ್ಯಾರೆ ಇದು ಬ್ಯಾರೆ" ಅಂದ್ಲು. ಎರಡು ದಿನ ಫೋನ್ ಮಾಡ್ಲಿಲ್ಲ, ಸಿಟ್ಟು ಬಂದಿರಬೇಕು. ಮೂರನೇ ದಿನ ಮಾಡಿದ್ಲು, ಬ್ಯಾರೆ ಎಲ್ಲಾ ಮಾತಾಡಿದ್ಲು. ಮಿಸ್ ಸುದ್ದಿ ಅಕಿ ತಗೀಲಿಲ್ಲ, ನಾನೂ ತಗೀಲಿಲ್ಲ.

ತಂಗಿ ಆ ಕಣ್ಣು ಕಿವುಚೋ ಹುಡುಗಿ ಮನಿಯವರಿಗೆ ಕಡೀಕೆ ಹೇಳಿದ್ಲಂತ. ಅವರವ್ವ ಏನೂ ಅನ್ಲಿಲ್ಲಂತ, "ಹೌದೇನ್ರಿ, ತೋರಸ್ತೀನ್ರಿ" ಅಂತ ಹೋದ್ಲಂತ. ರಾಜೀನಾಮೆ ಹಾಳಿ ಏನಾತು ಅಂತ ಕೇಳಿದೆ. "ಪರೀಕ್ಷಾ ಪೇಪರ್ ತಿದ್ದೋದು ರಾಶಿ ಬಿದ್ದದಕ್ಕಾ, ಅದು ಮುಗೀಲಿ" ಅಂದ್ಲು. ಏಪ್ರಿಲ್ 10ಕ್ಕ ರಿಸಲ್ಟು. ಅಲ್ಲೀತನಕ ತಾರೀಖು ಹಾಕಬ್ಯಾಡ ಅಂತ ಹೇಳೀನಿ. ಬರೋ ರವಿವಾರ ಶೇಂಗಾ ಹೋಳಿಗಿ ಮಾಡಿಕೊಂಡು ಮತ್ತ ಹೋಗಿ ಬರತೀನಿ.